ಸಾವಯವ ಅರೆವಾಹಕಗಳ ಭೌತವಿಜ್ಞಾನ ಗುಂಪುಗಳು ಏನನ್ನು ಸಾಧಿಸಿವೆ?

ಹಾಸನದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿರುವ ತಾವು, ವಿಶ್ವವಿದ್ಯಾಲಯಗಳ ಸಾವಯವ ಅರೆವಾಹಕ ಗುಂಪುಗಳಲ್ಲಿ ನಡೆಯುವ ಸಂಶೋಧನೆ ಯಾವುದೆಂದು ಕೇಳಿದ್ದೀರಿ. ಇಲ್ಲಿ ಸಾವಯವ ಎಂದರೆ ಗೊಬ್ಬರದ ಮಾತಲ್ಲ. ಇಂಗಾಲದ ಅಣುಗಳ ಮಾತು. ಅರೆವಾಹಕವೆಂದರೆ ವಿದ್ಯುತ್ತನ್ನು ಲೋಹಕ್ಕಿಂತ ಕಡಿಮೆ, ನಿರೋಧಕಕ್ಕಿಂತ ಹೆಚ್ಚು ಹರಿಸುವ ವಸ್ತು.

ಇಂಗಾಲದ ಸರಪಳಿಯಲ್ಲಿ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದರಂತೆ ಬಂದಾಗ ಕೆಲವು ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಸರಪಳಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಇಂಥ ಸರಪಳಿಯ ಪಾಲಿಮರ್ (ಉದ್ದ ಸರಪಳಿಯ ಅಣು) ಆದ ಪಾಲಿಅಸಿಟಿಲೀನ್‌ಗೆ ಅಯೋಡಿನ್ ಸೇರಿಸಿದರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ ಎಂದು 1977ರಲ್ಲಿ ತೋರಿಸಿದ ಹೀಗರ್, ಮ್ಯಾಕ್‌ಡಿಯಾರ್ಮಿಡ್ ಮತ್ತು ಶಿರಕಾವ ಅವರಿಗೆ 2000ದಲ್ಲಿ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. 1990ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗುಂಪು ಪಾಲಿಮರ್ ಪದರದಿಂದಲೇ ಬೆಳಕು ಹೊಮ್ಮಿಸಿತು. ಇಂದಿನ ಮೊಬೈಲುಗಳ ಓಎಲ್‌ಇಡಿ (ಸಾವಯವ ಪದರವೇ ಬೆಳಕು ಸೂಸುವ) ಪರದೆಗಳಲ್ಲಿ ಹೆಚ್ಚಾಗಿ ಸಣ್ಣ ಅಣುಗಳೇ ಇದ್ದರೂ ಮೂಲತತ್ತ್ವ ಅದೇ.

ನನ್ನ ಮಟ್ಟಿಗೆ ನಿಜವಾದ ಭೌತವಿಜ್ಞಾನ ಇರುವುದು ಸೌರಕೋಶದಲ್ಲಿ. ಸಿಲಿಕಾನ್‌ನಲ್ಲಿ ಬೆಳಕು ಬಿದ್ದೊಡನೆ ಎಲೆಕ್ಟ್ರಾನು ಮತ್ತು ರಂಧ್ರ (ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗ) ಬೇರೆಯಾಗುತ್ತವೆ. ಸಾವಯವ ವಸ್ತುವಿನಲ್ಲಾದರೋ ಅವು ಎಕ್ಸಿಟಾನ್ ಎಂಬ ಜೋಡಿಯಾಗಿ ಬಿಗಿದುಕೊಂಡು, ಸಾಮಾನ್ಯವಾಗಿ ಸುಮಾರು 10 ನ್ಯಾನೋಮೀಟರ್ ಸಾಗುವಷ್ಟರಲ್ಲಿ ನಶಿಸಿಬಿಡುತ್ತವೆ. ಆದ್ದರಿಂದಲೇ ಎಲೆಕ್ಟ್ರಾನು ಕೊಡುವ ವಸ್ತುವನ್ನೂ ಪಡೆಯುವ ವಸ್ತುವನ್ನೂ ಅಷ್ಟೇ ಸೂಕ್ಷ್ಮವಾಗಿ ಬೆರೆಸಿ, ಎಕ್ಸಿಟಾನ್‌ಗೆ ಆ ಎರಡರ ನಡುವಿನ, ಜೋಡಿ ಒಡೆಯುವ ಗಡಿ ಹತ್ತಿರದಲ್ಲೇ ಸಿಗುವಂತೆ ಮಾಡುತ್ತಾರೆ. ಪ್ರಯೋಗಾಲಯದ ಕೋಶಗಳ ದಕ್ಷತೆ ಈಗ ಶೇ. 19ನ್ನು ದಾಟಿದೆ.

ಉಳಿದಿರುವ ದೊಡ್ಡ ತೊಡಕು ಬಾಳಿಕೆ. ಆಮ್ಲಜನಕ ಮತ್ತು ತೇವ ಈ ಪದರಗಳನ್ನು ಕೆಡಿಸುತ್ತವೆ. ಸಕಲೇಶಪುರದ ಮಳೆಗಾಲದ ಗಾಳಿ ನಿಮಗೆ ಗೊತ್ತೇ ಇದೆ. ಒಣಹವೆಯ ಊರಿನಲ್ಲೂ ಇವುಗಳನ್ನು ಸಾಮಾನ್ಯವಾಗಿ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ, ಕೈಗವಸಿನ ಮೂಲಕವೇ ತಯಾರಿಸುತ್ತಾರೆ.