ಗೋಳಗುಮ್ಮಟದ ಕೂಗು ತಲೆಯೊಳಗೇ ಕೂತರೆ

ಗೋಳಗುಮ್ಮಟದ ದೃಶ್ಯಕ್ಕೆ ಹುಡುಗನ ಕೂಗನ್ನು ಬೈನಾರಲ್ ಪ್ಲಗಿನ್‌ಗೆ (ಎರಡು ಕಿವಿಗೂ ಬೇರೆ ಬೇರೆಯಾಗಿ ಸದ್ದು ಕೊಟ್ಟು ದಿಕ್ಕು ತೋರಿಸುವ ಸಾಫ್ಟ್‌ವೇರ್) ಹಾಕಿದರೂ ಹೆಡ್‌ಫೋನ್‌ನಲ್ಲಿ ಅದು ತಲೆಯೊಳಗೇ ಕೇಳಿಸುತ್ತದೆ ಅಂದಿರಿ. ದಿಕ್ಕು ಸಿಕ್ಕಿದೆ ರೀ, ಜಾಗ ಸಿಕ್ಕಿಲ್ಲ.

ಪೂರ್ತಿ ಎಡಕ್ಕಿರುವ ಸದ್ದು ಬಲಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ, ತುಸು ಮಂದವಾಗಿ ಮುಟ್ಟುತ್ತದೆ. ಪ್ಲಗಿನ್ ಮುಖ್ಯವಾಗಿ ಇಂಥದ್ದನ್ನೇ ಮಾಡುವುದು. ದೂರ ಗೊತ್ತಾಗಬೇಕಾದರೆ ಗೋಡೆ, ನೆಲಕ್ಕೆ ಬಡಿದು ಮರಳುವ ಸದ್ದೂ ಬೇಕು. ಮೇಲಿಂದ ಸುಮ್ನೆ ಸ್ಟೀರಿಯೊ ರಿವರ್ಬ್ (ಕೃತಕ ಮರುಸದ್ದು) ಸುರಿದರೆ ಸಾಲದು. ಆ ಮರುಸದ್ದಿಗೂ ದಿಕ್ಕು ಕೊಡಿ.

ಗುಮ್ಮಟದ ಒಳಗೆ ಈ ಬದಿಯಿಂದ ಆ ಬದಿಗೆ ಸುಮಾರು 38 ಮೀಟರ್. ಗ್ಯಾಲರಿಯಲ್ಲಿ ನಿಂತು ಕೂಗಿದರೆ ಎದುರು ಗೋಡೆಗೆ ಹೋಗಿ ಬರಲು ಸುಮಾರು 0.22 ಸೆಕೆಂಡ್. ಮೊದಲ ಪ್ರತಿಧ್ವನಿಯನ್ನು ಅಷ್ಟು ತಡಮಾಡಿ, ಎದುರಿಗಿಡಿ. ಮುಂದಿನವನ್ನು ಸುತ್ತ ಹಂಚಿ, ಒಂದೊಂದಕ್ಕೂ ಚೂಪು ಕಮ್ಮಿ ಮಾಡುತ್ತ ಹೋಗಿ. ಪಿಸುಮಾತಿನದು ಬೇರೆ ಕಥೆ. ಅದು ಗೋಡೆಗುಂಟ ಹರಿದು ಬರುವುದರಿಂದ ಕಿವಿಯ ಹತ್ತಿರವೇ ಕೇಳಿಸಬೇಕು, ಆದರೆ ಗೋಡೆಯ ಬದಿಯಿಂದ.

ಇನ್ನೊಂದು. ಕಿವಿಯಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಪಾರಿವಾಳಗಳ ಸದ್ದನ್ನು ನಾನೊಮ್ಮೆ ಮತ್ತೆ ಪ್ಲಗಿನ್‌ಗೆ ಹಾಕಿದ್ದೆ. ರೆಕ್ಕೆ ಬಡಿತ ಕಂಬಳಿ ಹೊದ್ದಂತಾಯಿತು! ಅಂಥ ರೆಕಾರ್ಡಿಂಗ್‌ನಲ್ಲಿ ದಿಕ್ಕು ಆಗಲೇ ಇರುತ್ತದೆ, ಹಾಗೇ ಬಿಡಿ. ಪ್ಲಗಿನ್‌ಗೆ ಮೋನೊ (ಒಂದೇ ಚಾನೆಲ್‌ನ) ಟ್ರ್ಯಾಕ್ ಮಾತ್ರ ಕೊಡಿ.

ಬೆನ್ನ ಹಿಂದಿನ ಸದ್ದು ಮುಂದೆ ಕೇಳಿಸುವುದು ಬಹಳ ಜನರಿಗೆ ಆಗುತ್ತದೆ, ಪ್ಲಗಿನ್‌ನಲ್ಲಿರುವ ಕಿವಿಯ ಆಕಾರ ನಿಮ್ಮದಲ್ಲವಲ್ಲ. ಹೆಜ್ಜೆ ಸದ್ದನ್ನು ಪಕ್ಕದಿಂದ ನಿಧಾನ ಹಿಂದಕ್ಕೆ ಸರಿಸಿ ನೋಡಿ.