ಕಥೆಯಲ್ಲಿ ಮಳೆ ಯಾಕೆ ಸುರಿಯಬೇಕು?

ಪ್ರಶ್ನೆ: ಕಥೆಯಲ್ಲಿ ದುಃಖ ಬಂದ ಕೂಡಲೇ ಮಳೆಯೂ ಬರುತ್ತದೆ. ಇದಕ್ಕೆ ಅರ್ಥ ಇದೆಯಾ, ಸುಮ್ನೆ ಅಭ್ಯಾಸವಾ?

ಉತ್ತರ: ಎಷ್ಟೋ ಸಲ ಬರೀ ಅಭ್ಯಾಸ. ನಮ್ಮ ಭಾವನೆಯನ್ನು ಪ್ರಕೃತಿಗೆ ಅಂಟಿಸುವುದನ್ನು ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲೇ ಟೀಕಿಸಿದ್ದರು. ಆದರೆ ಮಳೆಗೆ ಕಥೆಯಲ್ಲಿ ಕೆಲಸ ಇದ್ದರೆ ಮಾತೇ ಬೇರೆ. ಶೇಕ್ಸ್‌ಪಿಯರ್‌ನ ಲಿಯರ್ ರಾಜನನ್ನು ನೋಡಿ: ಬಿರುಗಾಳಿ ಅವನ ಮನಸ್ಸಿನ ಅಲ್ಲೋಲಕಲ್ಲೋಲವನ್ನು ತೋರಿಸುತ್ತದೆ ನಿಜ, ಅದಕ್ಕಿಂತ ಜಾಸ್ತಿ ಅಂದರೆ, ಆ ಮಳೆಗೆ ಸಿಕ್ಕಿದಾಗಲೇ ಅವನಿಗೆ ಸೂರಿಲ್ಲದ ಬಡವರ ನೆನಪಾಗುವುದು, ಇಷ್ಟು ದಿನ ಇವರನ್ನು ಕಡೆಗಣಿಸಿದೆನಲ್ಲ ಅನ್ನಿಸುವುದು. ಅಲ್ಲಿ ಮಳೆ ಅಲಂಕಾರ ಅಲ್ಲ, ಮನುಷ್ಯನನ್ನೇ ಬದಲಿಸುತ್ತದೆ. ಕಾಳಿದಾಸನ ಮೇಘದೂತದಲ್ಲಂತೂ ಮೋಡವೇ ಪಾತ್ರ, ಅಲ್ವಾ?

ನೀವೂ ಬರೆಯುವವರಾದರೆ ಮಳೆಯನ್ನು ತೆಗೆದು ಒಮ್ಮೆ ಓದಿ. ಏನೂ ಬದಲಾಗದಿದ್ದರೆ ಅದನ್ನು ಬಿಟ್ಟುಬಿಡಿ. ನನ್ನ ಪ್ರಕಾರ ಸಾವಿನ ಸನ್ನಿವೇಶಕ್ಕೆ ಒಳ್ಳೆ ಬಿಸಿಲೇ ಹೆಚ್ಚು ತಟ್ಟುತ್ತದೆ.