ಇಂಪ್ಲಾಂಟ್ ಸುತ್ತ ರಕ್ತ ಬರುತ್ತಿದೆ, ನೋವಿಲ್ಲ. ಹಾಗೇ ಬಿಡಬಹುದಾ?

ಅಮ್ಮನಿಗೆ ಹಲ್ಲಿನ ಇಂಪ್ಲಾಂಟ್ ಹಾಕಿಸಿ ಮೂರು ವರ್ಷ ಆಯಿತು, ಈಗ ಹಲ್ಲುಜ್ಜುವಾಗ ಅಲ್ಲಿ ಸ್ವಲ್ಪ ರಕ್ತ ಬರುತ್ತದೆ, ನೋವಿಲ್ಲ, ಹಲ್ಲೂ ಗಟ್ಟಿಯಾಗಿದೆ, ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ನಾನು ಡಾಕ್ಟರ್ ಅಲ್ಲ. ಆದರೆ ನಿಮ್ಮ ಅಮ್ಮನ ಹಾಗೆಯೇ ನೋವಿಲ್ಲವಲ್ಲ ಅಂತ ಒಂದೂವರೆ ವರ್ಷ ಸುಮ್ಮನಿದ್ದವಳು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನನಗೆ ಕೆಳಗಿನ ಎಡ ದವಡೆ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿದ್ದು 2014ರಲ್ಲಿ. ದವಡೆ ಮೂಳೆಯೊಳಗೆ ಕೂರಿಸಿದ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಇದಕ್ಕೆ ಹುಳುಕು ಹಿಡಿಯುವುದಿಲ್ಲ ಅಂತ ಹೇಳಿ ಕಳಿಸಿದರು. ಆ ಮಾತು ನಿಜ. ಆದರೆ ಅದರ ಸುತ್ತ ಇರುವ ಒಸಡು ಮತ್ತು ಮೂಳೆ ನಮ್ಮದೇ ತಾನೇ? ಅದರ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಬ್ರಶ್ಶಿನಲ್ಲಿ ತಿಳಿಗೆಂಪು ಕಾಣಿಸಿತು. ಗಾಯವಾಗಿರಬೇಕು ಅಂದುಕೊಂಡು ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಕಡಿಮೆ ಮಾಡಿದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಕೊಳೆ ಕೂತಿದ್ದಕ್ಕೇ ರಕ್ತ ಬರುತ್ತಿತ್ತು, ನಾನು ಇನ್ನಷ್ಟು ಕೂರಲು ಬಿಟ್ಟೆ. ನಿಮ್ಮ ಅಮ್ಮ ಹೀಗೆ ಮಾಡುತ್ತಿದ್ದಾರಾ, ಒಮ್ಮೆ ಕೇಳಿ ನೋಡಿ. ರಕ್ತ ಕಂಡರೆ ಎಲ್ಲರಿಗೂ ಕೈ ಹಿಂದೆ ಬರುತ್ತದೆ.

ಆಮೇಲೆ ಬೆಳಿಗ್ಗೆ ಎದ್ದಾಗ ಬಾಯಲ್ಲಿ ಒಂಥರಾ ಕೆಟ್ಟ ರುಚಿ. ಕೊನೆಗೆ ಒಸಡಿನ ಡಾಕ್ಟರ್ ಹತ್ತಿರ ಹೋದೆ. ಅವರು ಎರಡು ಎಕ್ಸ್-ರೇ ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದು ಕ್ಯಾಪ್ ಕೂರಿಸಿದ ದಿನದ್ದು, ಇನ್ನೊಂದು ಅವತ್ತಿನದು. ಮೊದಲನೆಯದರಲ್ಲಿ ಮೂಳೆ ಸ್ಕ್ರೂವಿನ ಕುತ್ತಿಗೆವರೆಗೂ ಇತ್ತು. ಎರಡನೆಯದರಲ್ಲಿ ಸ್ಕ್ರೂವಿನ ಸುತ್ತ ಬಟ್ಟಲಿನ ಹಾಗೆ ತಗ್ಗು, ಸ್ಕ್ರೂವಿನ ಮೇಲಿನ ಮೂರು ತಿರುಪಿನ ಸುತ್ತುಗಳು ಬರಿದಾಗಿ ಕಾಣುತ್ತಿದ್ದವು. ಅಷ್ಟು ಮೂಳೆ ಹೋಗಿದ್ದರೂ ಹಲ್ಲು ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಕೆಳಗೆ ಉಳಿದ ಮೂಳೆ ಗಟ್ಟಿಯಾಗಿ ಹಿಡಿದಿರುತ್ತದೆ, ಅದಕ್ಕೆ ಅಲುಗಾಟ ಬರುವುದು ಬಹಳ ತಡವಾಗಿ. ಹಾಗಾಗಿ ‘ಹಲ್ಲು ಗಟ್ಟಿಯಾಗಿದೆ’ ಅನ್ನುವುದನ್ನು ಧೈರ್ಯ ಅಂದುಕೊಳ್ಳಬೇಡಿ.

ಸ್ವಂತ ಹಲ್ಲಿಗಿಂತ ಇಲ್ಲಿ ಯಾಕೆ ಬೇಗ ಕೆಡುತ್ತದೆ ಅಂತ ಅವರನ್ನೇ ಕೇಳಿದೆ. ಸ್ವಂತ ಹಲ್ಲಿನಲ್ಲಿ ಒಸಡಿನ ನಾರುಗಳು ಹಲ್ಲಿನ ಬೇರಿನೊಳಗೇ ಹೊಕ್ಕು ಹಿಡಿದಿರುತ್ತವೆ. ಇಂಪ್ಲಾಂಟಿಗೆ ಹಾಗೆ ಹೊಕ್ಕಲು ಆಗುವುದಿಲ್ಲ. ಬಳೆ ಕೈಯನ್ನು ಸುತ್ತಿರುತ್ತದಲ್ಲ, ಹಾಗೆ ಒಸಡು ಸುಮ್ನೆ ಸುತ್ತಿಕೊಂಡಿರುತ್ತದೆ. ಕೊಳೆ ಕೂತು ಬಾವು ಬಂದರೆ ಕೆಳಗಿಳಿದು ಮೂಳೆ ಮುಟ್ಟಲು ತಡೆ ಕಡಿಮೆ.

ಒಂದು ಸಮಾಧಾನದ ವಿಷಯ ಇದೆ. ಒಸಡು ಮಾತ್ರ ಊದಿ ರಕ್ತ ಬರುವ ಹಂತಕ್ಕೆ ಮ್ಯೂಕೋಸೈಟಿಸ್ ಅನ್ನುತ್ತಾರೆ. ಚೆನ್ನಾಗಿ ಕ್ಲೀನ್ ಮಾಡಿಸಿ, ಮನೆಯಲ್ಲೂ ಸರಿಯಾಗಿ ಉಜ್ಜಿದರೆ ಅದು ವಾಸಿಯಾಗುತ್ತದೆ. ಮೂಳೆ ಕರಗಲು ಶುರುವಾದರೆ ಅದು ಪೆರಿ-ಇಂಪ್ಲಾಂಟೈಟಿಸ್. ಹೋದ ಮೂಳೆ ತಾನಾಗಿ ಬರುವುದಿಲ್ಲ. ನನಗೆ ಒಸಡು ಬಿಡಿಸಿ, ಸ್ಕ್ರೂ ಕ್ಲೀನ್ ಮಾಡಿ ಹೊಲಿಗೆ ಹಾಕಿದರು. ಅವತ್ತಿನಿಂದ ಅಲ್ಲಿಗೇ ನಿಂತಿದೆ. ನಿಮ್ಮ ಅಮ್ಮನದು ಮೊದಲನೆಯ ಹಂತವೇ ಆಗಿರಬಹುದು. ಅದಕ್ಕೇ ಬೇಗ ಹೋಗಿ ಅನ್ನುತ್ತಿರುವುದು.

ಮನೆಯಲ್ಲಿ ಮಾಡುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಶ್. ಬಾಟಲಿ ತೊಳೆಯುವ ಬ್ರಶ್ಶನ್ನು ಬೆಂಕಿಕಡ್ಡಿಯಷ್ಟು ಚಿಕ್ಕದು ಮಾಡಿದ ಹಾಗಿರುತ್ತದೆ. ಒಳಗಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಟೈಟಾನಿಯಂಗೆ ಗೀರು ಬೀಳುತ್ತದೆ. ಸೈಜನ್ನು ಡಾಕ್ಟರ್ ಹತ್ತಿರವೇ ಕೇಳಿ. ಸಂದಿಯಲ್ಲಿ ತುಸು ಬಿಗಿಯಾಗಿ ಹೋಗಬೇಕು, ಒತ್ತಿ ತುರುಕುವಂತಿರಬಾರದು. ಕೆನ್ನೆಯ ಕಡೆಯಿಂದ ಹಾಕಿದಷ್ಟೇ ನಾಲಿಗೆಯ ಕಡೆಯಿಂದಲೂ ಹಾಕಬೇಕು, ಅಲ್ಲೇ ಜಾಸ್ತಿ ಕೊಳೆ ಉಳಿಯುವುದು. ನಾನು ರಾತ್ರಿ ಊಟ ಆದ ಮೇಲೆ ಕನ್ನಡಿ ಮುಂದೆ ನಿಂತು ಮಾಡುತ್ತೇನೆ, ಎರಡು ನಿಮಿಷ ಸಾಕು. ಮಾಮೂಲಿ ಬ್ರಶ್ ಮೆತ್ತನೆಯದಿರಲಿ, ಒಸಡು ಮತ್ತು ಕ್ಯಾಪ್ ಸೇರುವ ಅಂಚಿಗೆ ಓರೆಯಾಗಿ ಹಿಡಿಯಿರಿ. ಇದ್ದಿಲು ಪುಡಿ, ಪಿನ್ನು ಇವೆಲ್ಲ ಬೇಡವೇ ಬೇಡ.

ಅಮ್ಮನಿಗೆ ಶುಗರ್ ಇದೆಯಾ? ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ವಾಸಿಯಾಗುವುದು ನಿಧಾನ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮೊದಲಿನ ಹಲ್ಲು ಹೋಗಿದ್ದೇ ಒಸಡಿನ ಕಾಯಿಲೆಯಿಂದಾದರೆ ಇನ್ನೂ ಹುಷಾರಾಗಿರಬೇಕು, ನನ್ನದು ಹೋಗಿದ್ದೂ ಹಾಗೆಯೇ. ನನ್ನನ್ನು ನಾಲ್ಕು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ, ಒಂದು ಸಲವೂ ತಪ್ಪಿಸಿಲ್ಲ.

ಅಮ್ಮ ಹೆದರಿಕೊಂಡರೆ ಒಂದು ವಿಷಯ ಹೇಳಿ. ಸ್ವೀಡನ್ನಿನಲ್ಲಿ ಬ್ರಾನೆಮಾರ್ಕ್ ಎಂಬ ಡಾಕ್ಟರ್ 1965ರಲ್ಲಿ ಮೊದಲ ಸಲ ಒಬ್ಬರಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಆ ವ್ಯಕ್ತಿ 2006ರಲ್ಲಿ ತೀರಿಕೊಂಡರು. ಅಷ್ಟು ವರ್ಷವೂ ಆ ಇಂಪ್ಲಾಂಟ್ ಅವರ ಬಾಯಲ್ಲೇ ಇತ್ತು.

ಹೋಗುವಾಗ ಕ್ಯಾಪ್ ಕೂರಿಸಿದಾಗಿನ ಎಕ್ಸ್-ರೇ ಇದ್ದರೆ ತಪ್ಪದೆ ತಗೊಂಡು ಹೋಗಿ. ಹೊಸದರ ಪಕ್ಕ ಇಟ್ಟು ನೋಡಲು ಅದು ಬೇಕೇ ಬೇಕು. ಒಸಡು ಮತ್ತು ಇಂಪ್ಲಾಂಟ್ ನಡುವಿನ ಸಂದಿಯ ಆಳ ಅಳೆದು ನೋಡಿ, ಕ್ಯಾಪ್ ಅಂಟಿಸಿದ ಸಿಮೆಂಟ್ ಒಸಡಿನೊಳಗೆ ಉಳಿದಿದೆಯಾ ನೋಡಿ ಅಂತ ನೀವೇ ಕೇಳಿ. ಏನು ಹೇಳಿದರು ಅಂತ ಆಮೇಲೆ ಇಲ್ಲಿ ಬರೆಯಿರಿ.